ಬಲಮೂಲೆಯ ಚುಕ್ಕಿಗಳು

ಮದುವೆ ಆಲ್ಬಮ್ಮಿನ ಮೂಲೆಗಳನ್ನು ಯಾರೂ ನೋಡುವುದಿಲ್ಲ. ನಡುವೆ ಗಂಡು ಹೆಣ್ಣು ಇರುತ್ತಾರೆ, ಅಕ್ಕಪಕ್ಕ ಬೀಗರು ಇರುತ್ತಾರೆ, ಮೂಲೆಯಲ್ಲಿ ಏನಿದ್ದರೂ ನಾವು ಗುಲಾಬಿ ಹೂವಿನ ಡಿಸೈನು ಹಾಕಿ ಮುಚ್ಚುತ್ತೇವೆ. ಯಾರದೋ ಅರ್ಧ ಮುಖ, ಬಿಟ್ಟ ಚಪ್ಪಲಿ, ಉರುಳಿದ ನೀರಿನ ಬಾಟಲಿ ಎಲ್ಲ ಹೂವಿನ ಕೆಳಗೆ ಹೋಗುತ್ತವೆ. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಪ್ಪ ಇಟ್ಟಿದ್ದ ಸ್ಟುಡಿಯೋದಲ್ಲಿ ನಾನು ಕಲಿತದ್ದು ಇದೇ ಕೆಲಸ. ಅಪ್ಪನಿಗೆ ಕೈ ನಡುಗತೊಡಗಿದಾಗ ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಅವರ ಜೊತೆ ನಿಂತೆ. ಈಗ ಅಪ್ಪ ಇಲ್ಲ. ಮನೆಯಲ್ಲಿ ಅವ್ವ, ನಾನು, ತಂಗಿ.

ತಂಗಿ ಮಾತ್ರ ಮೂಲೆಗಳನ್ನೇ ನೋಡುತ್ತಾಳೆ. ಅವಳು ಹಗಲು ಹತ್ತಿ ಮಿಲ್ಲಿನಲ್ಲಿ ಗಾಡಿಗಳ ತೂಕ ನೋಡಿ ಚೀಟಿ ಕೊಡುತ್ತಾಳೆ. ಅಮಾವಾಸ್ಯೆ ಬಂದರೆ ಆಕಾಶದ ಫೋಟೊ ತೆಗೆಯಲು ಹೋಗುತ್ತಾಳೆ. ಕ್ಯಾಮೆರಾ ನನ್ನದೇ ಹಳೆಯದು, ಮದುವೆಗೆ ಸಾಲದೆಂದು ನಾನು ಬಿಟ್ಟದ್ದು. ಲೆನ್ಸು ಮಾತ್ರ ಅವಳ ಸ್ವಂತದ್ದು. ಕಲಬುರಗಿಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದಳು. ಕೈಯಿಂದ ತಿರುಗಿಸಿ ಫೋಕಸ್ ಮಾಡುವ, ಬಹಳ ಅಗಲ ಹಿಡಿಯುವ ಲೆನ್ಸು. ಆ ಲೆನ್ಸನ್ನು ನಾನು ಕೆಡಿಸಿದೆ. ಕೆಡಿಸಿ ಹೇಳಲಿಲ್ಲ. ಬರೆಯಬೇಕಾದದ್ದು ಇಷ್ಟೇ, ಆದರೆ ಇಷ್ಟೇ ಬರೆದರೆ ನನ್ನ ತಪ್ಪು ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಲೆನ್ಸು ಬಂದ ಹೊಸದರಲ್ಲಿ, ದೀಪಾವಳಿ ಕಳೆದ ಮೇಲಿನ ಅಮಾವಾಸ್ಯೆಗೆ ನಾವಿಬ್ಬರೂ ಕೆರೆಯ ಆಚೆ ಹೋಗಿದ್ದೆವು. ಹೆಣ್ಣುಮಗಳು ಒಬ್ಬಳೇ ಹೋಗುವಂತಿಲ್ಲ ಎಂದು ನಾನು ಜೊತೆ. ಹೊರಡುವಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಮಾಸಿ ದಿನ ಕತ್ತಲಾಗ ಗುಡ್ಡದ ಕಡಿ ಹೋಗೋದು ಯಾ ಊರ ಪದ್ಧತಿ?"

"ಹುಣ್ಣಮಿಗಿ ಹೋದ್ರ ಚುಕ್ಕಿ ಕಾಣಂಗಿಲ್ಲವ್ವ," ಎಂದಳು ತಂಗಿ. "ಬೇಕಂದ್ರ ಚಂದ್ರನ್ನ ಒಳಗ ಕರದು ಕೂಡಿಸ್ಕೊ, ನಾ ಹುಣ್ಣಮಿಗೇ ಹೋಗ್ತೀನಿ."

ಅವ್ವ ನಗದೆ ಬೈಕಿನ ಹ್ಯಾಂಡಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಕಳಿಸಿದಳು.

ಕೆರೆಯ ಆಚೆಯಿಂದ ನಮ್ಮೂರಿನ ಗುಡ್ಡ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ, ಕಾಲು. ತಂಗಿಗೆ ಬೇಕಾಗಿದ್ದದ್ದು ಒಂದೇ ಚಿತ್ರ: ಕೆಳಗೆ ಮಲಗಿದ ಗುಡ್ಡ, ಮೇಲೆ ಅದರ ಉದ್ದಕ್ಕೂ ಆಕಾಶಗಂಗೆ. ಅದು ಆ ಕಾಲದಲ್ಲಿ ಆಗುವ ಚಿತ್ರವಲ್ಲ, ಬೇಸಿಗೆಯ ಬೆಳಗಿನ ಜಾವಗಳಲ್ಲಿ ಆಗುವುದು. ಅಂದು ಲೆನ್ಸು ಹೇಗಿದೆ ಎಂದು ನೋಡಲು ಬಂದಿದ್ದೆವು, ಅಷ್ಟೇ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. "ಪೂರಾ ತೆರದ್ರ ಮೂಲ್ಯಾಗಿನ ಚುಕ್ಕಿಗಿ ರೆಕ್ಕಿ ಬರ್ತಾವ ನೋಡಣ್ಣ. ಹಕ್ಕಿ ಆಗ್ತಾವ."

"ಹಕ್ಕಿ ಆದ್ರ ಛಂದೇ ಅಲ್ಲೇನು?"

"ನೀ ಹೂವು ಹಚ್ಚಾಂವ. ನಿನಗೇನು ಗೊತ್ತು."

ಲೆನ್ಸಿಗೆ ಬೆಳಕು ಬಿಡುವ ಕಂಡಿಯನ್ನು, ಅಂದರೆ ಅಪರ್ಚರ್ ಅನ್ನು, ಸ್ವಲ್ಪ ಮುಚ್ಚಿದರೆ ರೆಕ್ಕೆ ಉದುರಿ ಚುಕ್ಕಿ ಮತ್ತೆ ಚುಕ್ಕಿಯಾಗುತ್ತದೆ. ಆದರೆ ಬೆಳಕು ಕಡಿಮೆಯಾಗುತ್ತದೆ. ಬೆಳಕಿಗಾಗಿ ಹೆಚ್ಚು ಹೊತ್ತು ತೆರೆದಿಟ್ಟರೆ ಅಷ್ಟರಲ್ಲಿ ಆಕಾಶ ಜರುಗಿ ಚುಕ್ಕಿ ಗೀರಾಗುತ್ತದೆ. ಈ ಎರಡರ ನಡುವೆ ಸಣ್ಣದೊಂದು ಜಾಗವಿದೆ, ಅದನ್ನು ಹುಡುಕಬೇಕು. ಅವಳು ಅಂದೇ ಹುಡುಕಿದಳು. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದಳು. ನಾಲ್ಕರಲ್ಲೂ ಸೂಜಿಮೊನೆಯಂಥ ಚುಕ್ಕಿಗಳು. "ಅಣ್ಣಾ, ಬಂಗಾರದಂಥಾ ಲೆನ್ಸ್ ಸಿಕ್ಕದ," ಎಂದಳು. ನಾನು ಬೈಕಿಗೆ ಒರಗಿ ತೂಕಡಿಸುತ್ತಿದ್ದೆ.

ಮಾಘದಲ್ಲಿ ಮದುವೆಗಳು ಶುರುವಾದವು. ಸುರಪುರದಲ್ಲಿ ಎರಡು, ವಡಗೇರಾದಲ್ಲಿ ಒಂದು, ಒಂದರ ಬೆನ್ನಿಗೆ ಒಂದು. ಸಗರದ ಮದುವೆ ಬರುವ ಹೊತ್ತಿಗೆ ನನ್ನ ಅಗಲದ ಲೆನ್ಸು ಕೈಕೊಟ್ಟಿತ್ತು. ಬೆಳಿಗ್ಗೆ ತಂಗಿ ಮಿಲ್ಲಿಗೆ ಹೋದ ಮೇಲೆ ಅವಳ ಟ್ರಂಕು ತೆಗೆದು ಲೆನ್ಸು ಎತ್ತಿಕೊಂಡೆ. ಫೋನು ಮಾಡಿ ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ನಾನು ಕೇಳಲಿಲ್ಲ. ಸಂಜೆ ಅವಳು ಬರುವುದರೊಳಗೆ ಇಟ್ಟರಾಯಿತು ಎಂದುಕೊಂಡೆ.

ಸಗರದಲ್ಲಿ ಅಂದು ಸುರಗಿ ಇತ್ತು. ಅಂಗಳದ ನಾಲ್ಕು ಮೂಲೆಗೆ ನಾಲ್ಕು ನೀರಿನ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಹಸಿ ನೂಲು ಸುತ್ತಿ, ನಡುವೆ ಮದುಮಗನನ್ನೂ ತಾಯಿ ತಂದೆಯನ್ನೂ ಕೂಡಿಸಿ ಅರಿಷಿಣ ಹಚ್ಚಿ ನೀರು ಹಾಕುತ್ತಾರೆ. ನಾಲ್ಕೂ ತಂಬಿಗೆ ಒಂದೇ ಫೋಟೊದಲ್ಲಿ ಬರಬೇಕು ಎಂದು ಮದುಮಗನ ಅಕ್ಕ ಹೇಳಿದ್ದಳು. ಅಂಗಳ ಸಣ್ಣದು. ನಾನು ಹಿಂದೆ ಹಿಂದೆ ಸರಿದು ಗೋಡೆ ಮುಟ್ಟಿದೆ. ತಂಗಿಯ ಲೆನ್ಸಿನಲ್ಲಿ ನಾಲ್ಕೂ ಬಂದವು.

ಆಗ ಆ ಅಕ್ಕನೇ ತುಂಬಿದ ತಂಬಿಗೆ ಎತ್ತಿದಳು. "ಏ ಫೋಟೊದಾವ್ರ, ಮುಂಜಾನಿಂದ ಓಡ್ಯಾಡಿ ಬೆವತೀರಿ. ನೀವೂ ಜಳಕ ಮಾಡ್ರಿ!"

"ಬ್ಯಾಡ್ರೀ ಅಕ್ಕೋರ, ಕ್ಯಾಮೆರಾ—"

"ಕ್ಯಾಮೆರಾಕ್ಕೂ ಅರಿಷಿಣ ಹಚ್ಚೋಣ ಬಿಡ್ರಿ, ಅದಕ್ಕೂ ಒಂದು ಲಗ್ನ ಆಗ್ಲಿ!"

ಅಂಗಳವೆಲ್ಲ ನಕ್ಕಿತು. ನೀರು ಬಿತ್ತು. ತಪ್ಪಿಸಿಕೊಳ್ಳಲು ತಿರುಗಿದವನು ಅರಿಷಿಣದ ನೀರಿನಲ್ಲಿ ಜಾರಿ ಮೊಳಕಾಲೂರಿದೆ. ಲೆನ್ಸಿನ ತುದಿ ಒರಳಿಗೆ ತಾಗಿ ಟಣ್ ಎಂದಿತು. ನಾನೂ ನಕ್ಕೆ. ಮದುವೆ ಮನೆಯಲ್ಲಿ ಫೋಟೊದವನು ಸಿಟ್ಟು ಮಾಡುವಂತಿಲ್ಲ.

ಒರೆಸಿದಾಗ ಗಾಜು ಒಡೆದಿರಲಿಲ್ಲ. ಒಳಗೆ ಮಾತ್ರ ಹಬೆ ಕೂತಿತ್ತು. ನಮ್ಮಲ್ಲಿ ಮೊಬೈಲು ನೀರಿಗೆ ಬಿದ್ದರೆ ಜೋಳದ ಚೀಲದಲ್ಲಿ ಹುಗಿದಿಡುತ್ತಾರೆ, ಜೋಳ ನೀರು ಹೀರುತ್ತದೆ ಎಂದು. ನಾನೂ ಅದನ್ನೇ ಮಾಡಿದೆ. ಬೀಗರ ಊಟ ಮುಗಿಯುವ ತನಕ ಆ ಮನೆಯ ಜೋಳದ ಚೀಲದಲ್ಲಿ ಲೆನ್ಸನ್ನು ಹುಗಿದಿಟ್ಟೆ. ಹಬೆ ಹೋಯಿತು. ಜೋಳದ ಹೊಟ್ಟು ಒಳಗೆ ಹೋಗಿ ಕೂತಿತು. ಅಂಗಡಿಗೆ ಬಂದು ಬೆಳಕಿಗೆ ಹಿಡಿದಾಗ ಗಾಜಿನ ಹಿಂದೆ ಹೊಟ್ಟಿನ ಚೂರುಗಳು ಕಂಡವು. ತಂಗಿಗೆ ಕಾಣಬಾರದೆಂದು ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಮುಂದಿನ ಭಾಗ ಬಿಚ್ಚಿದೆ, ಒರೆಸಿದೆ, ಮತ್ತೆ ಕೂಡಿಸಿದೆ. ಕೂಡಿಸಿದ ಮೇಲೆ ಉಗುರಿನಷ್ಟು ತೆಳುವಾದ ಒಂದು ತಗಡಿನ ಚೂರು ಮೇಜಿನ ಮೇಲೆ ಉಳಿದಿತ್ತು. ಎಲ್ಲಿಯದೆಂದು ತಿಳಿಯಲಿಲ್ಲ. ತಿರುಪುಗಳೆಲ್ಲ ಕೂತಿದ್ದವು. ನಮ್ಮ ಹಳೆಯ ಟೇಬಲ್ ಫ್ಯಾನು ಬಿಚ್ಚಿ ಕೂಡಿಸಿದಾಗಲೂ ಏನಾದರೂ ಒಂದು ಉಳಿಯುತ್ತದೆ, ಫ್ಯಾನು ತಿರುಗುತ್ತದೆ. ಚೂರನ್ನು ಕಸದ ಜೊತೆ ಗುಡಿಸಿ, ಲೆನ್ಸನ್ನು ಟ್ರಂಕಿನಲ್ಲಿ ಮೊದಲಿದ್ದಂತೆ ಇಟ್ಟೆ.

ಸುರಗಿಯ ಫೋಟೊಗಳು ಚೆನ್ನಾಗಿ ಬಂದಿದ್ದವು. ಮೂಲೆಗಳಿಗೆ ಹೂವು ಹಾಕಿದೆ.

ಮುಂದಿನ ಅಮಾವಾಸ್ಯೆಗೆ ಕೋಳಿ ಕೂಗುವ ಮುಂಚೆ ಕೆರೆಯ ಆಚೆ ನಿಂತಾಗ ತಂಗಿ ಪರದೆಯ ಮೇಲೆ ಬಹಳ ಹೊತ್ತು ಬಾಗಿದ್ದಳು.

"ಬಲಗಡಿ ಮ್ಯಾಲಿನ ಮೂಲ್ಯಾಗ ಚುಕ್ಕಿಗಿ ಬಾಲ ಬಂದದ."

"ಗಾಳಿ ಅದ ನೋಡು ತಂಗಿ, ಸ್ಟ್ಯಾಂಡ್ ಅಳ್ಳಾಡಿರಬೇಕು."

ಗಾಳಿ ಇರಲಿಲ್ಲ. ಆದರೂ ನಾನು ಹೇಳಿದೆನೆಂದು ಅವಳು ಒಂದು ಚೀಲಕ್ಕೆ ಕಲ್ಲು ತುಂಬಿ ಸ್ಟ್ಯಾಂಡಿಗೆ ನೇತುಹಾಕಿದಳು. ಬಾಲ ಹೋಗಲಿಲ್ಲ. ಅಪರ್ಚರ್ ಇನ್ನೂ ಮುಚ್ಚಿದಳು. ಉಳಿದ ಮೂರು ಮೂಲೆ ಮತ್ತಷ್ಟು ಚೂಪಾದವು, ಬಲಮೂಲೆಯ ಚುಕ್ಕಿಗಳು ಮಾತ್ರ ಗೊದಮೊಟ್ಟೆಗಳ ಹಾಗೆ ಈಜುತ್ತಲೇ ಇದ್ದವು. ಅದರ ಮುಂದಿನ ತಿಂಗಳು ನಾನು ಇಬ್ಬನಿ ಎಂದೆ. ಕಾಲುವೆ ನೀರಿನ ಗದ್ದೆಗಳಿಂದ ಬೆಳಗಿನ ಜಾವ ತಂಪು ಏಳುವುದು ನಿಜ. ಅವಳು ಅವ್ವನ ಹಳೆಯ ಉಣ್ಣೆ ಶಾಲನ್ನು ಹರಿದು ಲೆನ್ಸಿಗೆ ಸುತ್ತಿದಳು. ಬಲಮೂಲೆಗೆ ಫೋಕಸ್ ಹೊಂದಿಸಿದರೆ ಉಳಿದ ಮೂರೂ ಕೆಡುತ್ತವೆ, ಮೂರಕ್ಕೆ ಹೊಂದಿಸಿದರೆ ಇದು ಕೆಡುತ್ತದೆ ಎಂದು ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಮೊದಲಿನ ಹುಮ್ಮಸ್ಸು ಇರಲಿಲ್ಲ.

ನಾನು ದಣಿದಿದ್ದೆ. ಹಗಲು ಮದುವೆ, ರಾತ್ರಿ ಆಲ್ಬಮ್ಮು, ತಿಂಗಳಿಗೊಮ್ಮೆ ಇದು. ಆ ದಣಿವಿನಲ್ಲಿ ನನ್ನ ಬಾಯಿಂದ ಬಂದ ಮಾತನ್ನು ಇಂದಿಗೂ ನುಂಗಲಾಗುವುದಿಲ್ಲ. "ಒಮ್ಮಿ ಕಣ್ಣು ತೋರಿಸ್ಕೊ. ಮಿಲ್ಲಿನಾಗ ಹತ್ತಿ ಧೂಳಿನಾಗ ಕೂತು ಕೂತು ನಿನಗ ಫೋಕಸ್ಸೇ ಕಾಣವಲ್ದೇನೋ."

ಅವಳು ಯಾದಗಿರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಳು. ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ ಎನ್ನುವಂಥ ನಂಬರು. ಕನ್ನಡಕ ಮಾಡಿಸಿಕೊಂಡಳು. ಈಗಲೂ ಹಾಕುತ್ತಾಳೆ.

ಯಾದಗಿರಿಯಲ್ಲಿ ಒಬ್ಬರು ನಿವೃತ್ತ ವಿಜ್ಞಾನ ಮಾಸ್ತರರಿದ್ದಾರೆ. ಆಕಾಶದ ಚಿತ್ರಗಳನ್ನು ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿ ಶಾಲೆಯ ಸಭಾಂಗಣದಲ್ಲಿ ತೂಗುಹಾಕಬೇಕೆಂದು ಆ ವರ್ಷ ಓಡಾಡುತ್ತಿದ್ದರು. ತಂಗಿಯ ಗುಡ್ಡದ ಚಿತ್ರ ನೋಡಿ ಮೆಚ್ಚಿದರು. ಆದರೆ ಅಷ್ಟು ದೊಡ್ಡದು ಮಾಡಿದರೆ ಮೂಲೆಯ ಬಾಲ ಎಲ್ಲರಿಗೂ ಕಾಣುತ್ತದೆ, ಮೂಲೆ ಸರಿಯಿರುವ ಇನ್ನೊಂದು ತೆಗೆದುಕೊಂಡು ಬಾ ಎಂದರು. ಬಲಗಡೆ ಕತ್ತರಿಸೋಣವೆಂದರೆ ಗುಡ್ಡದ ಪಾದ ಹೋಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ ಮೋಡ ಮುಸುಕುತ್ತದೆ. ಅದರ ಹಿಂದಿನ ಅಮಾವಾಸ್ಯೆ ಒಂದೇ ಅವಳಿಗೆ ಉಳಿದಿತ್ತು.

ಅದಕ್ಕೂ ಮುಂಚೆ ಒಂದು ಸಂಜೆ ಅವಳು ನಮ್ಮ ಮಾಳಿಗೆಯ ಮೇಲೆ ಸ್ಟ್ಯಾಂಡಿನ ನಡುಗೋಲನ್ನು ಕೆಳಮುಖ ಮಾಡಿ ಕ್ಯಾಮೆರಾವನ್ನು ಬಾವಲಿಯ ಹಾಗೆ ತಲೆಕೆಳಗೆ ನೇತುಹಾಕಿದಳು. ಒಂದು ಚಿತ್ರ ನೆಟ್ಟಗೆ, ಒಂದು ತಲೆಕೆಳಗೆ. ನೆಟ್ಟಗಿದ್ದಾಗ ಬಾಲ ಬಲಗಡೆ ಮೇಲೆ ಇತ್ತು. ತಲೆಕೆಳಗಾದಾಗ ಎಡಗಡೆ ಕೆಳಗೆ ಹೋಯಿತು.

"ನೋಡಣ್ಣ, ಕ್ಯಾಮೆರಾ ತಿರುಗಿದಂಗ ಬಾಲಾನೂ ತಿರುಗ್ತು. ಗಾಳಿ ಅಲ್ಲ, ಇಬ್ಬನಿ ಅಲ್ಲ, ನನ್ನ ಕಣ್ಣೂ ಅಲ್ಲ. ಲೆನ್ಸಿನೊಳಗ ಗಾಜು ಓರೆ ಆಗ್ಯಾದ." ಅವಳ ಮುಖ ಅರಳಿತ್ತು. ಮರುಕ್ಷಣ ಬಿಗಿಯಿತು. "ಆ ಅಂಗಡಿಯವ ನನಗ ಕೆಟ್ಟ ಮಾಲು ಕೊಟ್ಟಾನ. ಹೆಣ್ಣಮಗಳಿಗೇನು ತಿಳೀತದ ಅಂತ ಕೊಟ್ಟಾನ."

ಮೊದಲು ನಾಲ್ಕೂ ಮೂಲೆ ಚೆನ್ನಾಗಿದ್ದವಲ್ಲ ಎಂದು ಅವಳಿಗೆ ಹೊಳೆಯದೇ ಇರಲಿಲ್ಲ. "ಒಳಗ ಏನರ ಅಂಟಿಸಿ ಕೊಟ್ಟಿರಬೇಕು, ನಾಕ ದಿನ ನಡದು ಸಡಲ್ ಆಗ್ಯಾದ," ಎಂದು ತಾನೇ ಉತ್ತರ ಕಟ್ಟಿಕೊಂಡಳು. ನನ್ನ ಮೇಲೆ ಅನುಮಾನ ಬರಲು ಅವಳ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ. ಭಾನುವಾರ ಕಲಬುರಗಿಗೆ ಹೋಗುವುದೆಂದಾಯಿತು. ನಾನು ಜೊತೆ. ಯಾವಾಗಲೂ ನಾನೇ ಜೊತೆ.

ಅಂಗಡಿಯವರು ವಯಸ್ಸಾದವರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಲೆನ್ಸನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಅಂಗಡಿಯಲ್ಲಿ ಇನ್ನೂ ನಾಲ್ವರು ಗಿರಾಕಿಗಳಿದ್ದರು.

"ಇದನ್ನ ಯಾರೋ ಬಿಚ್ಯಾರವ್ವ. ತಿರುಪಿನ ತಲಿ ನೋಡ್ರಿ, ಕೆತ್ತಿ ಹೋಗ್ಯಾವ. ನಾ ಕೊಡೋವಾಗ ಹಿಂಗ ಇದ್ದಿಲ್ಲ."

"ನೀವೇ ಬಿಚ್ಚಿ ಕೊಟ್ಟಿರಿ."

"ಖುದಾ ಕಸಂ, ನಾ ಬಿಚ್ಚಿಲ್ರಿ." ಅವರು ಇನ್ನೊಮ್ಮೆ ನೋಡಿದರು. "ಒಳಗ ಜ್ವಾಳದ ಹೊಟ್ಟು ಅದ. ನಮ್ಮ ದುಕಾನದಾಗ ಜ್ವಾಳ ಎಲ್ಲಿಂದ ಬರ್ಬೇಕ್ರಿ?"

"ಜ್ವಾಳ ಇಲ್ಲದ ಮನಿ ಈ ಸೀಮ್ಯಾಗ ಅದ ಏನ್ರಿ? ನೀವೇನು ಗಾಳಿ ಉಣ್ತೀರೇನು?"

ಗಿರಾಕಿಗಳಲ್ಲೊಬ್ಬ ನಕ್ಕ. ಇನ್ನೊಬ್ಬ ಕೈಯಲ್ಲಿ ಹಿಡಿದಿದ್ದ ಲೆನ್ಸನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದ. ಮುದುಕರ ಕಿವಿ ಕೆಂಪಾದವು. ಅವರು ನನ್ನ ಕಡೆ ನೋಡಿದರು. "ನೀವರ ಹೇಳ್ರಿ ಅಣ್ಣೋರ. ನೀವೂ ಕಸುಬಿನವರು ಇದ್ದಂಗ ಕಾಣ್ತೀರಿ."

ಹೇಳಬೇಕಿತ್ತು. ನಾನು ಷೋಕೇಸಿನಲ್ಲಿದ್ದ ಫಿಲ್ಟರುಗಳನ್ನು ನೋಡುತ್ತ ನಿಂತೆ.

ಕೊನೆಗೆ ಅವರೇ ಸೋತರು. "ನಿಮ್ಮ ಮನಸಿನ್ಯಾಗ ನಾ ಖೋಟಾ ಮನಷ್ಯಾ ಅಂತ ಉಳಿಬಾರ್ದು. ಇಟ್ಟು ಹೋಗ್ರಿ, ರೊಕ್ಕ ವಾಪಸ್ ಒಯ್ರಿ." ತಂಗಿ ಲೆನ್ಸನ್ನು ಮೇಜಿನ ಮೇಲಿಟ್ಟಳು. ಒಂದು ಗಳಿಗೆ ಹಾಗೇ ನಿಂತು ಮತ್ತೆ ಎತ್ತಿಕೊಂಡಳು. ಅದನ್ನು ಬಿಟ್ಟರೆ ಆ ಬೇಸಿಗೆಗೆ ಬೇರೆ ಲೆನ್ಸು ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಎಲ್ಲರಿಗೂ ಕೇಳುವ ಹಾಗೆ "ಸುಳ್ಳ ಮಂದಿ" ಎಂದಳು.

ವಾಪಸು ಬರುವಾಗ ಬಸ್ಸು ಭೀಮಾ ನದಿ ದಾಟಿತು. ಜೇವರ್ಗಿಯಲ್ಲಿ ಬಸ್ಸು ನಿಂತಾಗ ತಂಗಿ ಶೇಂಗಾ ಕೊಂಡು ಅರ್ಧ ನನ್ನ ಅಂಗೈಗೆ ಸುರಿದಳು. "ಅಣ್ಣಾ, ನೀ ಬಾಜೂಕ ನಿಂತಿದ್ದಿ ಅಂತ ಅಷ್ಟು ಬಾಯಿ ಮಾಡಿದೆ. ಇಲ್ಲಂದ್ರ ನನಗ ಧೈರ್ಯ ಎಲ್ಲಿದು."

ಆ ಶೇಂಗಾ ತಿನ್ನಲಾಗಲಿಲ್ಲ. ಬಸ್ಸು ಹೊರಟ ಮೇಲೆ ಹೇಳಿದೆ. ಟ್ರಂಕು, ಸಗರ, ತಂಬಿಗೆ, ಒರಳು, ಜೋಳದ ಚೀಲ, ತಗಡಿನ ಚೂರು. ಅವಳ ಕಡೆ ನೋಡದೆ, ಮುಂದಿನ ಸೀಟಿನ ಕಂಬಿ ನೋಡುತ್ತ ಹೇಳಿದೆ. ಕಿಟಕಿಯ ಆಚೆ ಹತ್ತಿ ಕಿತ್ತ ಹೊಲಗಳು ಹೋಗುತ್ತಿದ್ದವು. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಆಮೇಲೆ ಕೇಳಿದಳು. "ಸುರಗಿ ಫೋಟೊ ಹೆಂಗ ಬಂದ್ವು?"

"ಛಲೋ ಬಂದ್ವು."

"ಮೂಲಿ?"

"ಮೂಲ್ಯಾಗ ಹೂವಿನ ಡಿಸೈನ್ ಹಾಕೀನಿ."

ಅವಳ ಮೂಗಿನಿಂದ ಒಂದು ಸದ್ದು ಬಂತು. ನಗುವೋ ಬೇರೆ ಏನೋ ತಿಳಿಯಲಿಲ್ಲ. "ಗಾಳಿ ಅಂದಿ. ಕಲ್ಲು ಹೊತ್ತೆ. ಇಬ್ಬನಿ ಅಂದಿ. ಅವ್ವನ ಶಾಲು ಹರದೆ. ಕಣ್ಣು ಹೋಗ್ಯಾವಂದಿ." ಶಹಾಪುರ ಬಂದಾಗ ಇಳಿಯುತ್ತ ಹೇಳಿದಳು: "ನಾಳಿ ಆ ಮನಷ್ಯಾನ ಹಂತ್ಯಾಕ ಹೋಗು. ನಾ ಬರಂಗಿಲ್ಲ. ನಿನ್ನ ಬಾಯಿಲೇ ಹೇಳು."

ಹೋದೆ. ಅಂಗಡಿಯವರು ಒಬ್ಬರೇ ಇದ್ದರು. ಎಲ್ಲ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಒಂದು ಬಟ್ಟೆಯಿಂದ ಷೋಕೇಸಿನ ಗಾಜು ಒರೆಸುತ್ತ ಅಂದರು, "ನನಗ್ಯಾಕ ಹೇಳ್ತೀರಿ? ನಾ ಬಿಚ್ಚಿಲ್ಲ ಅನ್ನೋದು ನನಗ ಗೊತ್ತೇ ಅದಲ್ರಿ. ನಿನ್ನಿ ಇಲ್ಲಿ ನಿಂತಿದ್ದ ನಾಕ ಮಂದೀಗಿ ಹೇಳ್ರಿ."

ಆ ನಾಲ್ವರು ಯಾರು, ಯಾವ ಊರಿನವರು, ಅವರಿಗೂ ಗೊತ್ತಿರಲಿಲ್ಲ. ನಾನು ಮಧ್ಯಾಹ್ನದ ತನಕ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ನಾಲ್ವರಲ್ಲಿ ಒಬ್ಬರೂ ಬರಲಿಲ್ಲ.

ಕೊನೆಯ ಅಮಾವಾಸ್ಯೆಗೆ ನಾನು ಬೈಕಿಗೆ ಪೆಟ್ರೋಲು ಹಾಕಿಸಿ ತಂದು ನಿಲ್ಲಿಸಿದೆ. ತಂಗಿ ಕೀಲಿಗೆ ಕೈ ಚಾಚಿದಳು. "ನೀ ಮಕ್ಕೊ ಅಣ್ಣಾ. ದಣದೀದಿ. ಅವ್ವ ಬರ್ತಾಳ." ದನಿಯಲ್ಲಿ ಕಹಿ ಇರಲಿಲ್ಲ. ಅದೇ ನನಗೆ ಕಷ್ಟವಾಯಿತು. ಹಿಂದೆ ನೋಡಿದರೆ ಅವ್ವ ಸೆರಗು ತಲೆಗೆ ಬಿಗಿದು, ಕೈಯಲ್ಲಿ ಲಿಂಬೆಹಣ್ಣು ಹಿಡಿದು ನಿಂತಿದ್ದಳು. ಅಮಾವಾಸ್ಯೆಗೆ ಹೊಸ್ತಿಲು ದಾಟದ ನಮ್ಮವ್ವ ಬೈಕಿನ ಹಿಂದೆ ಕೂತು ಹೋದಳು.

ತಿಂಗಳುಗಟ್ಟಲೆ ನಾನು ಬೇಡಿದ್ದು ಒಂದು ರಾತ್ರಿಯ ನಿದ್ದೆ. ಮನೆ ಖಾಲಿ, ಫ್ಯಾನು ತಿರುಗುತ್ತಿತ್ತು. ನಿದ್ದೆ ಬರಲಿಲ್ಲ. ಸ್ಟ್ಯಾಂಡಿಗೆ ಕಲ್ಲಿನ ಚೀಲ ಯಾರು ಎತ್ತಿ ಕಟ್ಟುತ್ತಾರೆ ಎಂದು ಯೋಚಿಸುತ್ತಿದ್ದೆ. ಆಮೇಲೆ ನೆನಪಾಯಿತು, ಆ ಚೀಲ ಬೇಕಾಗಿಯೇ ಇರಲಿಲ್ಲ.

ಬೆಳಕು ಹರಿಯುವಾಗ ಬಂದರು. ಅವ್ವ ಬಾಗಿಲಲ್ಲೇ ನಿಂತು, "ಅಮಾಸಿ ಅಂದ್ರ ಇಷ್ಟು ಚುಕ್ಕಿ ಇರ್ತಾವಂತ ಇಷ್ಟು ವರ್ಷ ನನಗ ಯಾರೂ ಹೇಳಿದ್ದೇ ಇಲ್ಲಲ್ಲೋ," ಎಂದಳು. ನಾನು ಚಹಾ ಇಟ್ಟೆ.

ಆ ಚಿತ್ರ ಆಮೇಲೆ ಯಾದಗಿರಿಯ ಶಾಲೆಯ ಗೋಡೆಗೆ ಹೋಯಿತು, ಮಂದಿ ನೋಡಿದರು. ನನಗೆ ನೆನಪಿರುವುದು ಅಂದಿನ ಅಡುಗೆಮನೆ. ಕ್ಯಾಮೆರಾ ತಲೆಕೆಳಗೆ ಕಟ್ಟಿಯೇ ತೆಗೆದಿದ್ದಳು. ಹಾಗಾಗಿ ಪರದೆಯಲ್ಲಿ ಗುಡ್ಡ ಮೇಲಿತ್ತು, ಆಕಾಶ ಕೆಳಗಿತ್ತು. ಅವಳು ಕ್ಯಾಮೆರಾವನ್ನೇ ತಿರುಗಿಸಿ ನನ್ನ ಮುಂದೆ ಹಿಡಿದಳು. ದೊಡ್ಡದು ಮಾಡಿ ಎಡಗಡೆ ಮೇಲಿನ ಮೂಲೆ ತೋರಿಸಿದಳು. ಸೂಜಿಮೊನೆ. ಬಲಗಡೆ ಮೇಲಿನದು, ಸೂಜಿಮೊನೆ. ಬಲಗಡೆ ಕೆಳಗೆ, ಗುಡ್ಡದ ಪಾದ ಮುಗಿದು ಒಂದೆರಡು ಚುಕ್ಕಿ ಇಣುಕುವಲ್ಲಿ, ಅವೂ ಸೂಜಿಮೊನೆ.

ಬಾಲ ಬರುವ ನಾಲ್ಕನೆಯದಕ್ಕೆ, ಎಡಗಡೆ ಕೆಳಗಿನದಕ್ಕೆ, ಹೋಗದೆ ಕ್ಯಾಮೆರಾ ಆರಿಸಿ ಚಹಾದ ಲೋಟ ಎತ್ತಿಕೊಂಡಳು. ಅಲ್ಲಿ ಚುಕ್ಕಿ ಇರಲಿಲ್ಲ, ಬರೀ ಗುಡ್ಡವಿತ್ತು.